ಡಿಸೆಂಬರ್‌ನಲ್ಲಿ ಅತ್ತೆ-ಮಾವನ ಜೊತೆ ಅಮೆರಿಕಕ್ಕೆ: ಸೆಕ್ಯೂರಿಟಿ ಚೆಕ್‌ಗೆ ಯಾವ ಬಟ್ಟೆ, ಯಾವ ಬ್ಯಾಗ್‌ನಲ್ಲಿ ಏನು?

ಮಲೆನಾಡ ಸೊಸೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಮೂರನೇ ವಾರ ನಾನು, ಆರು ವರ್ಷದ ಮಗ, ಅತ್ತೆ, ಮಾವ ನಾಲ್ಕು ಜನ ಬೆಂಗಳೂರಿನಿಂದ ಹೊರಡುತ್ತಿದ್ದೇವೆ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಶಿಕಾಗೋ, ಅಲ್ಲಿಂದ ಮಿನಿಯಾಪೋಲಿಸ್. ಭಾವನ ಮನೆ ಇರುವುದು ಅಲ್ಲಿ. ನಮ್ಮನೆಯವರಿಗೆ ರಜೆ ಸಿಗಲಿಲ್ಲ, ಹಾಗಾಗಿ ಇಡೀ ದಂಡು ನನ್ನ ತಲೆಗೆ.

ನಾನು ಎರಡು ಸಲ ದುಬೈಗೆ ಹೋಗಿ ಬಂದಿದ್ದೇನೆ, ಅಷ್ಟೇ. ಚಳಿ ದೇಶಕ್ಕೆ ಇದೇ ಮೊದಲು. ಅತ್ತೆ-ಮಾವನಿಗೆ ವಿಮಾನವೇ ಮೊದಲು. ಇಬ್ಬರೂ ಸಾಗರದ ಹತ್ತಿರದ ಹಳ್ಳಿಯವರು, ತೋಟ ಬಿಟ್ಟು ಜಾಸ್ತಿ ಓಡಾಡಿದವರಲ್ಲ.

ನನ್ನ ತಲೆನೋವು ಏನಂದರೆ ಬಟ್ಟೆ. ಭಾವ ಫೋನ್ ಮಾಡಿದಾಗಲೆಲ್ಲ "ಇಲ್ಲಿ ಮೈನಸ್ ಹತ್ತು, ಮೈನಸ್ ಹದಿನೈದು" ಅಂತ ಹೆದರಿಸುತ್ತಾರೆ. ಅದನ್ನು ಕೇಳಿ ಮಾವ ಶಿವಮೊಗ್ಗದಲ್ಲಿ ಚಳಿಗಾಲಕ್ಕೆ ಬರುವ ಟಿಬೆಟನ್ನರ ಅಂಗಡಿಯಲ್ಲಿ ಮೂರು ಸ್ವೆಟರ್, ಎರಡು ಮಂಕಿ ಕ್ಯಾಪ್, ಒಂದು ದಪ್ಪ ಜಾಕೆಟ್ ತಂದಿಟ್ಟುಕೊಂಡಿದ್ದಾರೆ. ಎಲ್ಲವನ್ನೂ ಬೆಂಗಳೂರಲ್ಲೇ ಹಾಕಿಕೊಂಡು ಹೊರಡುವ ಯೋಚನೆ ಅವರದು. ಅತ್ತೆ ಸೀರೆ ಬಿಟ್ಟು ಬೇರೆ ಏನೂ ಉಡುವುದಿಲ್ಲ, ಚೂಡಿದಾರ್ ಮಾತೆತ್ತಿದರೆ ಪ್ರಯಾಣವೇ ಬೇಡ ಅನ್ನುತ್ತಾರೆ. ಅತ್ತೆಗೆ ಎರಡೂ ಮಂಡಿ ಆಪರೇಷನ್ ಆಗಿದೆ, ಒಳಗೆ ಲೋಹ ಇದೆ. ಮಾವನಿಗೆ 77. ಕವಳದ (ಎಲೆ-ಅಡಿಕೆಯ) ಸಂಚಿ ಇಲ್ಲದೆ ಬಾಗಿಲು ದಾಟುವವರಲ್ಲ.

ಸೆಕ್ಯೂರಿಟಿಯಲ್ಲಿ ಸ್ವೆಟರ್, ಶೂ ಎಲ್ಲ ಬಿಚ್ಚಿಸುತ್ತಾರಂತೆ, ನಿಜವಾ? ಎಷ್ಟು ಕಡೆ? ಸೀರೆ ಉಟ್ಟವರಿಗೆ ಏನು ಮಾಡುತ್ತಾರೆ? ಜೊತೆಗೆ ಅತ್ತೆ ಕಟ್ಟಿಟ್ಟಿರುವ ಗಂಟು: ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ, ಹಲಸಿನ ಹಪ್ಪಳ, ತೊಡೆದೇವು (ತೆಳ್ಳನೆಯ ಗರಿಗರಿ ಸಿಹಿ), ಸಾರಿನ ಪುಡಿ, ಕೊಬ್ಬರಿ. ಯಾವುದು ಎಲ್ಲಿ ಇಡಲಿ? ಹೋಗಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಮಂಜಿನೂರು

ನಾನು ಮಿನಿಯಾಪೋಲಿಸ್ ಪಕ್ಕದಲ್ಲೇ ಇರುವುದು, ಹನ್ನೆರಡನೇ ಚಳಿಗಾಲ ಇದು. ಅಪ್ಪ-ಅಮ್ಮನನ್ನು ಎರಡು ಸಲ ಡಿಸೆಂಬರ್‌ನಲ್ಲೇ ಕರೆಸಿಕೊಂಡಿದ್ದೇನೆ. ಹೀಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಎಷ್ಟು ಕಡೆ ಅನ್ನುವುದು. ಮೂರು ಕಡೆ. ಬೆಂಗಳೂರಲ್ಲಿ ಒಂದು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ಇನ್ನೊಂದು, ಇಂಡಿಯಾದಿಂದ ಬಂದವರನ್ನು ಅಲ್ಲಿ ಮತ್ತೆ ಚೆಕ್ ಮಾಡಿಯೇ ಮುಂದೆ ಬಿಡುತ್ತಾರೆ. ಶಿಕಾಗೋದಲ್ಲಿ ಮೂರನೆಯದು. ಅಮೆರಿಕದಲ್ಲಿ ಕಾಲಿಟ್ಟ ಮೊದಲ ಊರಲ್ಲೇ ಇಮಿಗ್ರೇಷನ್ ಮುಗಿಸಿ, ದೊಡ್ಡ ಬ್ಯಾಗ್‌ಗಳನ್ನು ಬೆಲ್ಟ್‌ನಿಂದ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಅವರ ಕೈಗೆ ಕೊಟ್ಟು, ಟ್ರೈನ್ ಹತ್ತಿ ಇನ್ನೊಂದು ಟರ್ಮಿನಲ್‌ಗೆ ಹೋಗಿ, ಅಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಹದಿನೆಂಟು-ಇಪ್ಪತ್ತು ಗಂಟೆ ನಿದ್ದೆಗೆಟ್ಟ ಮೇಲೆ ಬರುವ ಸಾಲು ಅದು. ಹೀಗಾಗಿ ಬಟ್ಟೆಯನ್ನು ಮೈನಸ್ ಹದಿನೈದಕ್ಕೆ ಲೆಕ್ಕ ಹಾಕಬೇಡಿ. ಈ ಮೂರು ಟ್ರೇಗೆ ಲೆಕ್ಕ ಹಾಕಿ.

ಚಳಿಯಲ್ಲಿ ನೀವು ನಿಜವಾಗಿ ನಿಲ್ಲುವುದು ಎಷ್ಟು ಹೊತ್ತು ಗೊತ್ತಾ? ವಿಮಾನದ ಬಾಗಿಲಿನಿಂದ ಟರ್ಮಿನಲ್‌ವರೆಗಿನ ಆ ಸುರಂಗದಲ್ಲಿ ಎರಡು ನಿಮಿಷ. ಫ್ರಾಂಕ್‌ಫರ್ಟ್‌ನಲ್ಲಿ ಬಸ್ಸಿನಲ್ಲಿ ಕರೆದೊಯ್ದರೆ ಮೆಟ್ಟಿಲು ಇಳಿಯುವಾಗ ಐದು ನಿಮಿಷ. ಕೊನೆಗೆ ಮಿನಿಯಾಪೋಲಿಸ್‌ನಲ್ಲಿ ಬಾಗಿಲಿನಿಂದ ಕಾರಿನವರೆಗೆ. ಉಳಿದದ್ದೆಲ್ಲ ಹೀಟರ್ ಹಾಕಿದ ಕಟ್ಟಡ. ಮೂರು ಸ್ವೆಟರ್ ಹಾಕಿದವರು ಬೆಂಗಳೂರಿನ ಸಾಲಿನಲ್ಲೇ ಬೆವರುತ್ತಾರೆ. ಬೆವರಿದ ಹತ್ತಿ ಬನಿಯನ್ ಆಮೇಲೆ ಮೈಗೆ ಅಂಟಿಕೊಂಡು ತಣ್ಣಗೆ ಕೊರೆಯುತ್ತೆ, ಅದು ಇನ್ನೂ ಕಷ್ಟ.

ಭಾವನಿಗೆ ಹೇಳಿ, ನಾಲ್ಕು ದಪ್ಪ ಜಾಕೆಟ್, ಕೈಗವಸು ಕಾರಿನಲ್ಲಿ ತಂದಿರಲಿ. ಹಿಮಕ್ಕೆ ಹಾಕುವ ಬೂಟು ಅಲ್ಲೇ ಕೊಂಡರಾಯಿತು. ಮಿನೆಸೋಟದಲ್ಲಿ ಸಿಗುವ ಜಾಕೆಟ್ ಮುಂದೆ ನಮ್ಮ ಕಡೆಯದು ರೇಷ್ಮೆ ಶಲ್ಯದ ಹಾಗೆ. ನೀವು ಒಂದೊಂದು ಹಗುರ ಜಾಕೆಟ್ ತನ್ನಿ, ಮುಂದೆ ಪೂರ್ತಿ ಜಿಪ್ ಇರುವುದು. ತಲೆಯ ಮೇಲಿಂದ ಎಳೆದು ತೆಗೆಯುವ ಸ್ವೆಟರ್ ಬೇಡವೇ ಬೇಡ. ಹಿಂದೆ ನೂರು ಜನ ನಿಂತಿರುವಾಗ ಕನ್ನಡಕ, ಕಿವಿಯ ಮಷೀನು, ಕೂದಲು ಎಲ್ಲ ಸಿಕ್ಕಿ ಹಾಕಿಕೊಂಡು ಅಪ್ಪ ಒದ್ದಾಡಿದ್ದನ್ನು ನಾನು ನೋಡಿದ್ದೇನೆ.

ಆ ಜಾಕೆಟ್ಟನ್ನು ಮೈಮೇಲೆ ಹಾಕಬೇಡಿ, ದೊಡ್ಡ ಬ್ಯಾಗಿಗೂ ಹಾಕಬೇಡಿ. ತೋಳಿನ ಮೇಲೆ ಹಾಕಿಕೊಳ್ಳಿ. ದೊಡ್ಡ ಬ್ಯಾಗಿಗೆ ಹಾಕಿ ಆ ಬ್ಯಾಗ್ ಫ್ರಾಂಕ್‌ಫರ್ಟ್‌ನಲ್ಲೇ ಉಳಿದರೆ? ಚಳಿಗಾಲದಲ್ಲಿ ಹಿಮ ಬಿದ್ದು ವಿಮಾನ ತಪ್ಪುವುದು, ಬ್ಯಾಗ್ ಎರಡು ದಿನ ತಡವಾಗುವುದು ಇಲ್ಲಿ ಹೊಸದಲ್ಲ. ಇನ್ನೊಂದು ಉಪಾಯ, ಇದು ನನ್ನ ಹೆಂಡತಿ ಕಲಿಸಿದ್ದು. ಸಾಲಿಗೆ ಬರುವ ಮುಂಚೆಯೇ ಕುರ್ಚಿಯಲ್ಲಿ ಕೂತು ವಾಚು, ಫೋನು, ಚಿಲ್ಲರೆ, ಬೆಲ್ಟು, ಪೆನ್ನು ಎಲ್ಲ ಜಾಕೆಟ್ ಜೇಬಿಗೆ ಹಾಕಿ ಜಿಪ್ ಎಳೆಯಿರಿ. ಟ್ರೇ ಬಂದಾಗ ಜಾಕೆಟ್ ಒಂದನ್ನೇ ಇಟ್ಟರೆ ಮುಗಿಯಿತು. ಪ್ಯಾಂಟ್ ಜೇಬು ಪೂರ್ತಿ ಖಾಲಿ ಇರಲಿ, ಕರವಸ್ತ್ರವೂ ಬೇಡ. ದೇಹ ನೋಡುವ ಸ್ಕ್ಯಾನರ್ ಲೋಹವನ್ನಷ್ಟೇ ಹುಡುಕುವುದಿಲ್ಲ, ಮಡಚಿಟ್ಟ ಕಾಗದವನ್ನೂ ತೋರಿಸುತ್ತೆ.

ಶೂ ವಿಷಯ. ಅಮೆರಿಕದಲ್ಲಿ ಎಲ್ಲರ ಶೂ ಬಿಚ್ಚಿಸುತ್ತಿದ್ದ ನಿಯಮ 2025ರ ಜುಲೈನಲ್ಲಿ ಹೋಯಿತು. 2001ರ ಡಿಸೆಂಬರ್‌ನಲ್ಲಿ ಒಬ್ಬ ಶೂನಲ್ಲಿ ಬಾಂಬ್ ಇಟ್ಟುಕೊಂಡು ವಿಮಾನ ಹತ್ತಿದ್ದರಿಂದ ಶುರುವಾದ ಕಥೆ ಅದು, 2006ರಿಂದ ಎಲ್ಲರಿಗೂ ಕಡ್ಡಾಯ ಮಾಡಿದ್ದರು. ಈಗ ಇಲ್ಲ ಅಂದರೂ ಮಷೀನು ಕೂಗಿದರೆ ಬಿಚ್ಚಬೇಕು. ಬೆಂಗಳೂರಲ್ಲೂ ಫ್ರಾಂಕ್‌ಫರ್ಟ್‌ನಲ್ಲೂ ಕಣಕಾಲಿನ ಮೇಲೆ ಬರುವ ಬೂಟು ಕಂಡರೆ ಟ್ರೇಗೆ ಹಾಕಿ ಅಂತಾರೆ. ಹಾಗಾಗಿ ಲೇಸ್ ಇಲ್ಲದ, ಕಾಲು ತೂರಿಸುವ ಶೂ ತನ್ನಿ. ಒಳಗೆ ಉಣ್ಣೆಯ ಕಾಲುಚೀಲ. ಅತ್ತೆ ಸೀರೆಗೆ ಚಪ್ಪಲಿ ಅಂತ ಹಟ ಮಾಡಿದರೆ ಈ ಒಂದು ವಿಷಯದಲ್ಲಿ ಮಾತ್ರ ನೀವು ಗೆಲ್ಲಲೇಬೇಕು.

ತೂಕ ಉಳಿಸಿ

ನಾನಾದರೆ ನಿಮ್ಮ ಮಾವ ಹೇಳಿದ್ದೇ ಸರಿ ಅಂತೀನಿ. ಎಲ್ಲ ಸ್ವೆಟರ್ ಮೈಮೇಲೆ ಹಾಕಿ ಹೊರಡಿ, ಬ್ಯಾಗಲ್ಲಿ ಮೂರು ಕೆಜಿ ಉಳಿಯುತ್ತೆ. ಉಳಿದ ಉಣ್ಣೆ ಬಟ್ಟೆಗೆ ಗಾಳಿ ಹೀರುವ ಪ್ಲಾಸ್ಟಿಕ್ ಚೀಲ ಬರುತ್ತಲ್ಲ, ಅದರಲ್ಲಿ ಹಾಕಿ. ದಿಂಬಿನಷ್ಟಿದ್ದದ್ದು ಹಪ್ಪಳದಷ್ಟಾಗುತ್ತೆ.

ಕೌಂಟರ್ ಹಿಂದಿನವಳು

ಮೇಲಿನ ಸಲಹೆ ದಯವಿಟ್ಟು ಕೇಳಬೇಡಿ! ನಾನು ಒಂದು ವಿಮಾನ ಕಂಪನಿಯ ಚೆಕ್-ಇನ್ ಕೌಂಟರ್‌ನಲ್ಲಿ ಆರು ವರ್ಷ ಇದ್ದವಳು. ಮೂರು ಸ್ವೆಟರ್ ಹಾಕಿಕೊಂಡು ಬಂದವರು ಮೂರನ್ನೂ ಬಿಚ್ಚಿ ಮೂರು ಟ್ರೇ ಹಿಡಿದು, ಕೊನೆಗೆ ಒಂದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ದಪ್ಪ ಬಟ್ಟೆಯಲ್ಲಿ ಬಂದರೆ ಕೈಯಿಂದ ಮುಟ್ಟಿ ತಪಾಸಣೆ ಮಾಡುವುದು ಜಾಸ್ತಿ. ಗಾಳಿ ಹೀರುವ ಚೀಲ ಜಾಗ ಉಳಿಸುತ್ತೆ, ತೂಕ ಒಂದು ಗ್ರಾಮೂ ಉಳಿಸುವುದಿಲ್ಲ. ಜಾಗ ಇದೆ ಅಂತ ಇನ್ನಷ್ಟು ತುಂಬಿ, ಮಿತಿ ಮೀರಿ 27 ಕೆಜಿ ಮಾಡಿಕೊಂಡು ಬರುತ್ತಾರೆ. ಅಮೆರಿಕದಲ್ಲಿ ದೊಡ್ಡ ಬ್ಯಾಗನ್ನು ನೀವಿಲ್ಲದಾಗಲೂ ತೆರೆದು ನೋಡುತ್ತಾರೆ, ಒಳಗೆ ಒಂದು ಚೀಟಿ ಇಟ್ಟು ಕಳಿಸುತ್ತಾರೆ. ಆ ಚೀಲ ಒಮ್ಮೆ ಬಿಚ್ಚಿದರೆ ಅವರೇನು ಗಾಳಿ ತೆಗೆದು ಕೊಡುತ್ತಾರಾ? ಬೀಗ ಹಾಕುವುದಾದರೆ ಟಿಎಸ್ಎ (ಅಲ್ಲಿನ ವಿಮಾನ ನಿಲ್ದಾಣದ ಸೆಕ್ಯೂರಿಟಿಯವರು) ಒಪ್ಪಿದ ಬೀಗ ಹಾಕಿ, ಅವರ ಹತ್ತಿರ ಅದಕ್ಕೆ ಕೀ ಇರುತ್ತೆ. ಬೇರೆ ಬೀಗ ಆದರೆ ಒಡೆಯಬಹುದು.

ಈಗ ನಾನು ಹೇಳಬೇಕಾದ್ದು. ಪವರ್ ಬ್ಯಾಂಕ್. ಇದನ್ನು ಎಷ್ಟು ಸಲ ಹೇಳಿದರೂ ಜನ ದೊಡ್ಡ ಬ್ಯಾಗಲ್ಲಿ ಹಾಕುತ್ತಾರೆ. ಎಕ್ಸ್‌ರೇನಲ್ಲಿ ಕಂಡರೆ ನಿಮ್ಮ ಹೆಸರು ಕೂಗುತ್ತಾರೆ, ನೀವು ಹೋಗಿ ಬ್ಯಾಗ್ ತೆರೆದು, ಸ್ವೆಟರ್‌ಗಳ ಮಧ್ಯದಿಂದ ಹುಡುಕಿ ತೆಗೆಯಬೇಕು. ಅಷ್ಟರಲ್ಲಿ ಬೋರ್ಡಿಂಗ್ ಶುರುವಾಗಿರುತ್ತೆ. ಪವರ್ ಬ್ಯಾಂಕ್, ಕ್ಯಾಮೆರಾದ ಬಿಡಿ ಬ್ಯಾಟರಿ ಎಲ್ಲ ಕೈಬ್ಯಾಗಿನಲ್ಲೇ ಇರಬೇಕು. ಮಿತಿ 100 ವ್ಯಾಟ್-ಅವರ್. ಪವರ್ ಬ್ಯಾಂಕ್ ಮೇಲೆ 20000 ಎಂಎಎಚ್ ಅಂತ ಇದ್ದರೆ ಅದನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿ, 74 ಬರುತ್ತೆ, ತೊಂದರೆ ಇಲ್ಲ. ಮೇಲೆ ಬರೆದದ್ದು ಅಳಿಸಿ ಹೋಗಿದ್ದರೆ ಅದನ್ನು ಮನೆಯಲ್ಲೇ ಬಿಡಿ, ಓದಲು ಆಗದ್ದನ್ನು ತೆಗೆದಿಡುತ್ತಾರೆ. ಈಗ ಬ್ಯಾಟರಿಯಿಂದ ಬೆಚ್ಚಗಾಗುವ ಜಾಕೆಟ್ ಬಂದಿದೆ, ಯಾರಾದರೂ ಉಡುಗೊರೆ ಕೊಟ್ಟಿದ್ದರೆ ಅದರ ಬ್ಯಾಟರಿಯೂ ಹೀಗೇ, ಕಳಚಿ ಕೈಬ್ಯಾಗಿಗೆ.

ಇನ್ನು ನೀರಿನಂಥದ್ದು. ಕೈಬ್ಯಾಗಿನಲ್ಲಿ ಒಂದೊಂದು ಡಬ್ಬಿ 100 ಮಿಲಿ ಒಳಗೆ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ. ಡಬ್ಬಿಯ ಅಳತೆ ಮುಖ್ಯ, ಒಳಗೆ ಎಷ್ಟಿದೆ ಅನ್ನುವುದಲ್ಲ. 200 ಮಿಲಿ ಬಾಟಲಿಯ ತಳದಲ್ಲಿ ಎರಡು ಚಮಚ ಲೋಷನ್ ಇದ್ದರೂ ಕಸದ ಬುಟ್ಟಿಗೆ. ಚಳಿಗಾಲದಲ್ಲಿ ಜನ ಸಿಕ್ಕಿಬೀಳುವುದೇ ಇಲ್ಲಿ: ಮಾಯಿಶ್ಚರೈಸರ್, ವ್ಯಾಸಲೀನ್, ವಿಕ್ಸ್, ಅಮೃತಾಂಜನ, ಕೊಬ್ಬರಿ ಎಣ್ಣೆ ಎಲ್ಲವೂ ಇದೇ ಲೆಕ್ಕಕ್ಕೆ. ಕೆಲವು ಯುರೋಪಿನ ನಿಲ್ದಾಣಗಳಲ್ಲಿ ಹೊಸ ಸ್ಕ್ಯಾನರ್ ಬಂದು ಎರಡು ಲೀಟರ್‌ವರೆಗೂ ಬಿಡುತ್ತಿದ್ದಾರೆ, ಆದರೆ ನಿಮ್ಮ ದಾರಿಯಲ್ಲಿ ಮೂರು ಕಡೆ ಇದೆಯಲ್ಲ, ಬಿಗಿ ಇರುವ ಕಡೆಗೆ ತಕ್ಕಂತೆ ತಯಾರಾಗಿ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಪಟ್ಟಿ ಸಮೇತ, ಡಾಕ್ಟರ್ ಚೀಟಿ ಸಮೇತ ಕೈಬ್ಯಾಗಿನಲ್ಲಿ. ಇನ್ಸುಲಿನ್‌ಗೆ 100 ಮಿಲಿ ತಕರಾರು ಇಲ್ಲ, ಮೊದಲೇ ತೆಗೆದು ತೋರಿಸಿ.

ಎರಡು ಸ್ಟೀಲ್ ಮಂಡಿ

ನೋಡಮ್ಮ, ನಾನೂ ನಿನ್ನ ಅತ್ತೆಯ ಪಾರ್ಟಿ. ಎರಡೂ ಮಂಡಿ ಬದಲಾಯಿಸಿ ಏಳು ವರ್ಷವಾಯಿತು, ಮಗಳ ಮನೆಗೆ ಟೊರಾಂಟೋಗೆ ಮೂರು ಸಲ ಹೋಗಿ ಬಂದೆ, ಮೂರೂ ಸಲ ಸೀರೆಯಲ್ಲೇ. ಅತ್ತೆಗೆ ಹೇಳು, ಹೆದರಬೇಡ ಅಂತ.

ಬಾಗಿಲಿನ ಚೌಕಟ್ಟಿನ ಹಾಗಿರುವ ಮಷೀನಿನಲ್ಲಿ ನಾನು ಯಾವಾಗಲೂ ಕೂಗಿಸುತ್ತೇನೆ. ಬೆಂಗಳೂರಲ್ಲಿ ಹೇಗಿದ್ದರೂ ಹೆಂಗಸರಿಗೆ ಪರದೆ ಹಾಕಿದ ಚಿಕ್ಕ ಕೋಣೆ ಇದೆ, ಹೆಂಗಸರೇ ಇರುತ್ತಾರೆ. ಒಂದು ಮೆಟ್ಟಿಲ ಮೇಲೆ ನಿಲ್ಲಿಸಿ ಕೈಯಲ್ಲಿ ಹಿಡಿದ ಮಷೀನನ್ನು ಮೈಮೇಲೆ ಆಡಿಸುತ್ತಾರೆ. ಮಂಡಿ ಹತ್ತಿರ ಕುಂಯ್ ಅನ್ನುತ್ತೆ. ಅದು ಕೂಗುವ ಮುಂಚೆಯೇ "ಎರಡೂ ಮಂಡಿ ಆಪರೇಷನ್ ಆಗಿದೆ" ಅಂದುಬಿಡಬೇಕು. ಆಸ್ಪತ್ರೆ ಚೀಟಿ ಇಟ್ಟುಕೊಳ್ಳಲಿ, ಆದರೆ ಚೀಟಿ ತೋರಿಸಿದರೆ ತಪಾಸಣೆ ಬಿಡುತ್ತಾರೆ ಅಂದುಕೊಳ್ಳಬೇಡಿ. ಎಲ್ಲೂ ಬಿಡುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತವರನ್ನೂ ನೋಡುತ್ತಾರೆ. ಗಾಲಿಕುರ್ಚಿ ಮಾತ್ರ ಟಿಕೆಟ್ ಮಾಡುವಾಗಲೇ ಬರೆಸಿ, ಉದ್ದ ಸಾಲು ತಪ್ಪುತ್ತೆ, ಫ್ರಾಂಕ್‌ಫರ್ಟ್‌ನಂಥ ಕಡೆ ನಡೆಯುವ ದೂರ ಕೇಳಿದರೆ ಮಂಡಿ ಮತ್ತೆ ನೋಯುತ್ತೆ.

ಈಗ ಸೀರೆ. ನಾನು ಮೊದಲ ಸಲ ಮಗಳಿಗೆ ಚೆನ್ನಾಗಿ ಕಾಣಲಿ ಅಂತ ಅಸಲಿ ಜರಿಯ ಸೀರೆ ಉಟ್ಟೆ. ಜರಿಯಲ್ಲಿ ಬೆಳ್ಳಿ ಇರುತ್ತಲ್ಲ, ಸೆರಗಿನ ಮೇಲೆಲ್ಲ ಆ ಮಷೀನು ಕೂಗಿದ್ದೇ ಕೂಗಿದ್ದು! ಆ ಹುಡುಗಿ ಪಾಪ ನಕ್ಕಳು. ಆಮೇಲೆ ನೆರಿಗೆಗೆ ಮೂರು ಪಿನ್ನು, ಸೆರಗಿಗೆ ಎರಡು, ತುರುಬಿನಲ್ಲಿ ಹನ್ನೊಂದು ಹೇರ್‌ಪಿನ್. ಒಂದೊಂದಾಗಿ ತೋರಿಸಿದೆ. ಈಗ ನಾನು ಮಾಡುವುದು ಹೀಗೆ. ತೆಳ್ಳನೆಯ ಜರಿ ಇಲ್ಲದ ಸೀರೆ. ಲಂಗದ ಒಳಗೆ ಉಣ್ಣೆಯ ಥರ್ಮಲ್ ಲೆಗ್ಗಿಂಗ್ಸ್, ಅದರಲ್ಲಿ ಜಿಪ್ಪೂ ಇಲ್ಲ ಗುಂಡಿಯೂ ಇಲ್ಲ, ಯಾರಿಗೂ ಕಾಣುವುದೂ ಇಲ್ಲ. ಮೇಲೆ ಗುಂಡಿ ಹಾಕುವ ಉದ್ದ ತೋಳಿನ ಸ್ವೆಟರ್. ಸೆರಗಿಗೆ ಒಂದೇ ಪಿನ್ನು. ಕೂದಲು ಜಡೆ ಹೆಣೆದು ರಬ್ಬರ್ ಹಾಕುವುದು. ಶಾಲು ಕೈಯಲ್ಲಿ, ವಿಮಾನದಲ್ಲಿ ಹೊದೆಯಲು ಅದೇ ಬೇಕು.

ಮಾಂಗಲ್ಯ, ಕಾಲುಂಗುರ ತೆಗೆ ಅಂತ ನನಗೆ ಯಾರೂ ಹೇಳಿಲ್ಲ. ಕೂಗಿದರೆ ಮುಟ್ಟಿ ನೋಡುತ್ತಾರೆ, ಕೈಗೆ ಒಂದು ಬಟ್ಟೆಚೂರು ಸವರಿ ಮಷೀನಿಗೆ ಹಾಕುತ್ತಾರೆ, ಅಷ್ಟೇ. ಆದರೆ ಚಿನ್ನ ತೆಗೆದು ಟ್ರೇನಲ್ಲಿ ಮಾತ್ರ ಇಡಬೇಡಿ. ತೆಗೆಯುವುದಾದರೆ ಮನೆಯಲ್ಲೇ ತೆಗೆದು ಕೈಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆಯಿರಿ. ಟೊರಾಂಟೋದಲ್ಲಿ ಒಬ್ಬಾಕೆ ಬಳೆ ಟ್ರೇನಲ್ಲಿ ಬಿಟ್ಟು ಗೇಟ್‌ವರೆಗೆ ಹೋಗಿ, ಅಳುತ್ತಾ ವಾಪಸ್ ಓಡಿದ್ದನ್ನು ನೋಡಿದ್ದೇನೆ. ಸಿಕ್ಕಿತು, ಪುಣ್ಯ.

ಯಾರಿಗಾದರೂ ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ, ಕೈಯಿಂದಲೇ ನೋಡಿ ಅಂತ ಕೇಳಿಕೊಳ್ಳಬೇಕು. ನಮ್ಮ ಯಜಮಾನರಿಗೆ ಹಾಗೇ ಮಾಡಿದ್ದು.

ಹುಬ್ಬಳ್ಳಿ ಮಂದಿ

ಅಮ್ಮ ಹೇಳಿದ ಜರಿ ಕಥೆ ಓದಿ ನನ್ನ ಕಥೆ ನೆನಪಾಯಿತು ರೀ. ಜನವರಿಯಲ್ಲಿ ಗೆಳೆಯರೆಲ್ಲ ಕಾಶ್ಮೀರಕ್ಕೆ ಹೋಗಿದ್ದೆವು. ಶ್ರೀನಗರದಿಂದ ವಾಪಸ್ ಬರುವಾಗ ಟರ್ಮಿನಲ್ ಇನ್ನೂ ದೂರ ಇರುವಾಗಲೇ ಗಾಡಿಯಿಂದ ಇಳಿಸಿ, ಎಲ್ಲ ಸಾಮಾನು ಎಕ್ಸ್‌ರೇಗೆ ಹಾಕಿ, ನಮ್ಮನ್ನೂ ತಡವಿ, ಮತ್ತೆ ಗಾಡಿ ಹತ್ತಿಸಿದರು. ಒಳಗೆ ಮತ್ತೆ ಅದೇ. ಹೊರಗೆ ಹಿಮ, ನಾನು ಐದು ಪದರ ಬಟ್ಟೆ. ಜಾಕೆಟ್ ಬಿಚ್ಚಿದೆ, ಸ್ವೆಟರ್ ಬಿಚ್ಚಿದೆ, ಬೆಲ್ಟ್ ಬಿಚ್ಚಿದೆ, ಆದರೂ ಸೊಂಟದ ಹತ್ತಿರ ಕುಂಯ್. ಆ ಜವಾನ ಗಂಭೀರವಾಗಿ ನೋಡುತ್ತಿದ್ದಾನೆ. ಪ್ಯಾಂಟ್ ಜೇಬು ಹೊರಗೆ ಎಳೆದು ತೋರಿಸಿದೆ. ಮತ್ತೆ ಕುಂಯ್. ಆಮೇಲೆ ಹೊಳೆಯಿತು, ಬೆಳ್ಳಿ ಉಡಿದಾರ! ಹುಟ್ಟಿದಾಗಿನಿಂದ ಇರುವುದು, ಇದೆ ಅನ್ನುವುದೇ ಮರೆತು ಹೋಗಿರುತ್ತೆ. ಐದು ಪದರ ಎತ್ತಿ, ಆ ಚಳಿಯಲ್ಲಿ ಹೊಟ್ಟೆ ತೋರಿಸಿ, ಹಿಂದಿಯಲ್ಲಿ ಉಡಿದಾರಕ್ಕೆ ಏನನ್ನುತ್ತಾರೆ ಅಂತ ಗೊತ್ತಿಲ್ಲದೆ "ಭಗವಾನ್ ಕಾ ಧಾಗಾ" ಅಂದೆ. ಅವನೂ ನಕ್ಕ, ಸಾಲೂ ನಕ್ಕಿತು.

ನಿಮ್ಮ ಮಾವನವರಿಗೆ ಉಡಿದಾರ ಇದೆಯಾ ಅಂತ ಒಮ್ಮೆ ಕೇಳಿ. ಮಗನಿಗೂ.

ಮಲೆನಾಡ ಸೊಸೆ

ಅಯ್ಯೋ, ಇಬ್ಬರಿಗೂ ಇದೆ! ಯಾರಿಗೂ ತಲೆಗೆ ಬಂದೇ ಇರಲಿಲ್ಲ. ಮಾವ ತೆಗೆಯುವುದಿಲ್ಲ ಅಂತಾರೆ, ಕರಿದಾರ ಕಟ್ಟಿಕೊಳ್ಳಿ ಅಂದರೆ ಯೋಚನೆ ಮಾಡುತ್ತಿದ್ದಾರೆ.

ಬಟ್ಟೆ ಈಗ ಅರ್ಥವಾಯಿತು. ತಿಂಡಿ ಗಂಟಿನ ಬಗ್ಗೆ ಯಾರಾದರೂ ಹೇಳುತ್ತೀರಾ?

ಮಂಜಿನೂರು

ಅದನ್ನೇ ಬರೆಯೋಣ ಅಂತ ಬಂದೆ.

ತೊಡೆದೇವು ಕೈಬ್ಯಾಗಿನಲ್ಲಿ, ಗಟ್ಟಿ ಡಬ್ಬಿಯಲ್ಲಿ, ಎಲ್ಲಕ್ಕಿಂತ ಮೇಲೆ. ದೊಡ್ಡ ಬ್ಯಾಗಿಗೆ ಹಾಕಿದರೆ ಮಿನಿಯಾಪೋಲಿಸ್‌ಗೆ ಪುಡಿ ಬರುತ್ತೆ. ಚಕ್ಕುಲಿ, ಕೋಡುಬಳೆ, ಹಪ್ಪಳ ಎಲ್ಲ ಗಟ್ಟಿ ಪದಾರ್ಥ, ಎಲ್ಲಿ ಬೇಕಾದರೂ ಇಡಿ. ಅಪ್ಪೆಮಿಡಿ ಉಪ್ಪಿನ ನೀರಿನಲ್ಲಿ ಇರುತ್ತಲ್ಲ, ಜೋನಿ ಬೆಲ್ಲವೂ ಹರಿಯುವುದೇ, ಎರಡೂ ದೊಡ್ಡ ಬ್ಯಾಗಿಗೆ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಟೇಪು, ಎರಡು ಕವರ್, ಆಮೇಲೆ ಮಾವನ ಸ್ವೆಟರ್ ಒಂದನ್ನು ಸುತ್ತಿ. ಸ್ವೆಟರ್ ಕೊನೆಗೂ ಕೆಲಸಕ್ಕೆ ಬಂತು.

ಸಾರಿನ ಪುಡಿ ಗಮನಿಸಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2018ರಿಂದ ಪುಡಿಗೂ ನಿಯಮ ಇದೆ. ಸುಮಾರು 350 ಮಿಲಿ, ಅಂದರೆ ಒಂದು ಕೂಲ್‌ಡ್ರಿಂಕ್ ಡಬ್ಬಿಯಷ್ಟೋ ಅದಕ್ಕಿಂತ ಜಾಸ್ತಿಯೋ ಪುಡಿ ಕೈಬ್ಯಾಗಿನಲ್ಲಿದ್ದರೆ ಬೇರೆಯಾಗಿ ಪರೀಕ್ಷೆ ಮಾಡುತ್ತಾರೆ, ಏನು ಅಂತ ಗೊತ್ತಾಗದಿದ್ದರೆ ಬಿಡುವುದಿಲ್ಲ. ಸಾರಿನ ಪುಡಿ, ಚಟ್ನಿ ಪುಡಿ, ಹುರಿಹಿಟ್ಟು ಎಲ್ಲ ದೊಡ್ಡ ಬ್ಯಾಗಿಗೆ, ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ.

ಒಣ ಕೊಬ್ಬರಿ ಮನೆಯಲ್ಲೇ ಇರಲಿ. ಎಣ್ಣೆ ಅಂಶದಿಂದ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುವ ಪದಾರ್ಥ ಅಂತ ವಿಮಾನದ ಲೆಕ್ಕದಲ್ಲಿ ಅದು ಅಪಾಯದ ಪಟ್ಟಿಯಲ್ಲಿದೆ. ಅತ್ತೆ ದೇವರ ಸಾಮಾನು ಕಟ್ಟಿದ್ದರೆ ಕರ್ಪೂರ, ಬೆಂಕಿಪೊಟ್ಟಣ ಎರಡನ್ನೂ ಹುಡುಕಿ ತೆಗೆಯಿರಿ, ಯಾವ ಬ್ಯಾಗಿಗೂ ಬೇಡ. ಕರಿಬೇವು ತರಬೇಡಿ, ನಿಂಬೆ-ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಜೊತೆ ಬರುತ್ತೆ ಅಂತ ಇಲ್ಲಿ ನಿಷೇಧ. ಹಸಿ ಎಲೆ, ಹಣ್ಣು, ಬೀಜ ಯಾವುದೂ ಬೇಡ. ಶಿಕಾಗೋದಲ್ಲಿ ತಿನ್ನುವ ಪದಾರ್ಥ ಇದೆಯಾ ಅಂತ ಕೇಳಿದರೆ ಇದೆ ಅನ್ನಿ. ಇಲ್ಲ ಅಂದು ಉಪ್ಪಿನಕಾಯಿ ಸಿಕ್ಕರೆ ದಂಡ, ಇದೆ ಅಂದರೆ ನೋಡಿ ಬಿಡುತ್ತಾರೆ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ದುಬೈ ಮೇಲೆ ಹೋಗುವವರು ಗಸಗಸೆ ಮುಟ್ಟಲೇಬೇಡಿ. ನಮಗೆ ಪಾಯಸ, ಅಲ್ಲಿ ಅದು ಮಾದಕ ವಸ್ತುವಿನ ಕಾನೂನಿಗೆ ಸಿಗುತ್ತೆ.

ಮಾವನ ಕವಳದ ಸಂಚಿ: ಅಡಕತ್ತರಿ ದೊಡ್ಡ ಬ್ಯಾಗಿಗೆ. ಎಲೆ ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಸಿಗುತ್ತೆ.

ಮಾಲೆ ಹಾಕಿದವನು

ಮಧ್ಯೆ ಬಂದೆ, ಕ್ಷಮಿಸಿ. ಕೊಬ್ಬರಿ ಮಾತು ಬಂದದ್ದಕ್ಕೆ ಕೇಳುತ್ತಿದ್ದೇನೆ. ಶಬರಿಮಲೆಗೆ ಬೆಂಗಳೂರಿನಿಂದ ಕೊಚ್ಚಿಗೆ ವಿಮಾನದಲ್ಲಿ ಹೋಗೋಣ ಅಂತಿದ್ದೇವೆ. ಇರುಮುಡಿಯಲ್ಲಿ ತುಪ್ಪದ ಕಾಯಿ ಇರುತ್ತಲ್ಲ?

ಕೌಂಟರ್ ಹಿಂದಿನವಳು

ಸ್ವಾಮಿ, ತೆಂಗಿನಕಾಯಿ ಕೈಬ್ಯಾಗಿಗೆ ಸಾಮಾನ್ಯವಾಗಿ ಇಲ್ಲ. ಆದರೆ ಶಬರಿಮಲೆ ಯಾತ್ರಿಕರಿಗೆ ಆ ಕಾಲಕ್ಕೆ ಮಾತ್ರ ಸಡಿಲ ಮಾಡಿದ್ದಾರೆ. 2024ರ ಅಕ್ಟೋಬರ್‌ನಲ್ಲಿ ಆದೇಶ ಬಂದು 2025ರ ಜನವರಿ 20ರವರೆಗೆ ಇತ್ತು, ಎಕ್ಸ್‌ರೇ ಮತ್ತು ಸ್ಫೋಟಕ ಪರೀಕ್ಷೆ ಮಾಡಿ ಬಿಡುತ್ತಿದ್ದರು. ಅದು ಆಯಾ ವರ್ಷದ ಆದೇಶ, ಹಾಗಾಗಿ ಟಿಕೆಟ್ ಕೊಂಡ ಕಂಪನಿಗೆ ಒಮ್ಮೆ ಫೋನ್ ಮಾಡಿ ಕೇಳಿಯೇ ಹೊರಡಿ. ಇರುಮುಡಿಯ ಕರ್ಪೂರ ಮಾತ್ರ ಕೊಚ್ಚಿಯಲ್ಲಿ ಕೊಳ್ಳಿ.

ಮಲೆನಾಡ ಸೊಸೆ

ಬಂದು ಮುಟ್ಟಿ ನಾಲ್ಕು ದಿನವಾಯಿತು. ಹೊರಗೆ ಮೈನಸ್ ಹದಿಮೂರು, ಒಳಗೆ ಮಾವ ಬರೀ ಬನಿಯನ್‌ನಲ್ಲಿ ಓಡಾಡುತ್ತಿದ್ದಾರೆ.

ಹೊರಡುವ ಮುಂಚೆ ಮನೆಯಲ್ಲೇ ಒಂದು ರಿಹರ್ಸಲ್ ಮಾಡಿದೆ. ಊಟದ ಮೇಜಿನ ಮೇಲೆ ಮೂರು ದೊಡ್ಡ ತಟ್ಟೆ ಇಟ್ಟು, ಮಗನನ್ನು ಪೊಲೀಸ್ ಮಾಡಿ, ಎಲ್ಲರೂ ಜಾಕೆಟ್ ಬಿಚ್ಚಿ ತಟ್ಟೆಗೆ ಹಾಕಿ ದಾಟಬೇಕು ಅಂದೆ. ಅತ್ತೆ ನಕ್ಕೂ ನಕ್ಕೂ ಸುಸ್ತು. ಆದರೆ ನಿಜವಾದ ಸಾಲಿನಲ್ಲಿ ಅತ್ತೆ ಒಬ್ಬರೇ ಸರಿಯಾಗಿ ಮಾಡಿದ್ದು. "ನೀ, ನೀ" ಅಂತ ಕನ್ನಡದ ದನಿಯಲ್ಲೇ ಇಂಗ್ಲಿಷ್ ಹೇಳಿ ಮಂಡಿ ಮುಟ್ಟಿ ತೋರಿಸಿಬಿಟ್ಟರು, ಮೂರೂ ಕಡೆ ಐದು ನಿಮಿಷದಲ್ಲಿ ಮುಗಿಯಿತು. ಶೂ ವಿಷಯದಲ್ಲಿ ನಾನು ಗೆದ್ದೆ. ಮಾವ ಉಡಿದಾರ ಬಿಚ್ಚಿ ಕರಿದಾರ ಕಟ್ಟಿಕೊಂಡರು, ಅಡಕತ್ತರಿ ದೊಡ್ಡ ಬ್ಯಾಗಿಗೆ ಹೋಯಿತು.

ಸಿಕ್ಕಿಬಿದ್ದದ್ದು ಫ್ರಾಂಕ್‌ಫರ್ಟ್‌ನಲ್ಲಿ. ಸ್ಕ್ಯಾನರ್ ಪರದೆ ಮೇಲೆ ಮಾವನ ಎದೆಯ ಹತ್ತಿರ ಹಳದಿ ಚೌಕ. ಅಂಗಿಯ ಒಳಜೇಬಿನಿಂದ ಹೆಬ್ಬೆರಳಿನಷ್ಟು ಡಬ್ಬಿ ಬಂತು, ಸುಣ್ಣದ ಡಬ್ಬಿ! ಸಂಚಿ ಬಿಟ್ಟು ಬಂದವರು ಇದನ್ನು ಮಾತ್ರ ಬಚ್ಚಿಟ್ಟುಕೊಂಡಿದ್ದರು. ಇದೇನು ಅಂತ ಆತ ಕೇಳಿದ. ನಾನು ಅವಸರದಲ್ಲಿ "ಲೈಮ್" ಅಂದೆ. ಆತ ಮುಚ್ಚಳ ತೆಗೆದು ಬಿಳಿ ಪೇಸ್ಟ್ ನೋಡಿ, ನನ್ನನ್ನು ನೋಡಿ, ನಿಂಬೆಹಣ್ಣಾ ಅಂತ ಕೇಳಿದ. ಅಲ್ಲ, ಕಲ್ಲು ಸುಟ್ಟು ಮಾಡುವುದು, ಎಲೆಗೆ ಹಚ್ಚಿ ತಿನ್ನುವುದು ಅಂತ ವಿವರಿಸಿದಷ್ಟೂ ಆತನ ಹುಬ್ಬು ಮೇಲೆ ಹೋಯಿತು. ಬಟ್ಟೆಚೂರು ಸವರಿ ಮಷೀನಿಗೆ ಹಾಕಿದರು. ಏನೂ ಬರಲಿಲ್ಲ. ವಾಪಸ್ ಕೊಟ್ಟು, ಪಾರದರ್ಶಕ ಚೀಲಕ್ಕೆ ಹಾಕು ಅಂತ ಸನ್ನೆ ಮಾಡಿದ. ಅಮೃತಾಂಜನದ ಪಕ್ಕದಲ್ಲಿ ಕೂತು ಸುಣ್ಣ ಅಮೆರಿಕಕ್ಕೆ ಬಂತು.

ಅಪ್ಪೆಮಿಡಿ ಒಂದು ಹನಿಯೂ ಸೋರಿಲ್ಲ, ಆದರೆ ಸ್ವೆಟರ್‌ಗೆ ವಾಸನೆ ಬಂದಿದೆ. ಯಾಕೆ ಅಂತ ಗೊತ್ತಾಗುತ್ತಿಲ್ಲ.

ಮಾವ ಈಗ ಹಿಂದಿನ ಬಾಗಿಲು ತೆರೆದು ಹಿಮದ ಮೇಲೆ ಕವಳ ಉಗುಳಿ ಭಾವನ ಹೆಂಡತಿ ಅಕ್ಕನ ಹತ್ತಿರ ಬೈಸಿಕೊಂಡಿದ್ದಾರೆ, ಅದು ಬೇರೆ ವಿಷಯ. ಒಂದು ಕೊನೆ ಪ್ರಶ್ನೆ. ಮಗನಿಗೆ ಭಾವ ಗಾಜಿನ ಗೋಲ ಕೊಡಿಸಿದ್ದಾರೆ, ಅಲ್ಲಾಡಿಸಿದರೆ ಒಳಗೆ ಹಿಮ ಬೀಳುವಂಥದ್ದು. ವಾಪಸ್ ಬರುವಾಗ ಕೈಯಲ್ಲೇ ಹಿಡಿದುಕೊಳ್ಳುತ್ತೇನೆ ಅಂತಾನೆ. ಒಳಗೆ ನೀರಿದೆಯಲ್ಲ?

ಕೌಂಟರ್ ಹಿಂದಿನವಳು

ಅದೂ 100 ಮಿಲಿ ಲೆಕ್ಕವೇ. ಅಮೆರಿಕದಲ್ಲಿ ಟೆನಿಸ್ ಚೆಂಡಿನಷ್ಟಿದ್ದು ಆ ಚಿಕ್ಕ ಚೀಲದೊಳಗೆ ಕೂತರೆ ಬಿಡುತ್ತಾರೆ. ಆದರೆ ಫ್ರಾಂಕ್‌ಫರ್ಟ್‌ನಲ್ಲಿ ಅವನ ಎದುರೇ ಕಿತ್ತುಕೊಂಡರೆ ಅಳು ನಿಲ್ಲಿಸುವವರು ಯಾರು? ರಾತ್ರಿ ಮಲಗಿದ ಮೇಲೆ ದೊಡ್ಡ ಬ್ಯಾಗಿಗೆ ಹಾಕಿಬಿಡಿ, ಮಾವನ ಇನ್ನೊಂದು ಸ್ವೆಟರ್ ಇದೆಯಲ್ಲ, ಅದರಲ್ಲಿ ಸುತ್ತಿ.